ಸಮುದ್ರದ ಮೇಲೆ ಸುತ್ತಿ ಬಂದ ಸೋಮವಾರ

ಹುಬ್ಬಳ್ಳಿ
೪ ಡಿಸೆಂಬರ್ ೨೦೨೫

ಸುಶಮೀಂದ್ರ ಸರ್ ಅವರಿಗೆ ನಮಸ್ಕಾರ.

ನನ್ನ ಅಕ್ಷರ ನೋಡಿ ನಗಬೇಡಿ. ಚೆನ್ನೈಯ ಪೆರಂಬೂರಿನ ಶಾಲೆಯಲ್ಲಿ ನನಗೆ ಕಲಿಸಿದ್ದು ತಮಿಳು ಮತ್ತು ಇಂಗ್ಲಿಷು. ಕನ್ನಡ ಬರೆಯಲು ಕಲಿಸಿದವಳು ಅಜ್ಜಿ, ಅದೂ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ. ಮೂರು ವರ್ಷ ನಿಮ್ಮ ಪಕ್ಕದ ಸೀಟಿನಲ್ಲಿ ಕೋ-ಪೈಲಟ್ ಆಗಿ ಕೂತು ಕನ್ನಡದಲ್ಲೇ ಹರಟಿದ ಮೇಲೆ ನಿಮಗೆ ಇಂಗ್ಲಿಷಿನಲ್ಲಿ ಬರೆದರೆ ಬೇರೆ ಯಾರಿಗೋ ಬರೆದಂತಾಗುತ್ತದೆ. ವಾಟ್ಸ್ಆ್ಯಪ್ ಬೇಡವೆಂದು ನೀವೇ ಹೇಳಿದ್ದೀರಿ, ಪೈಲಟ್‌ಗಳ ಗುಂಪಿನ ಮಾತೆಲ್ಲ ಅದೇ ದಿನ ಮ್ಯಾನೇಜ್‌ಮೆಂಟಿನ ಮೇಜಿಗೆ ಹೋಗುತ್ತಿದೆಯಂತೆ. ಫೋನ್ ಮಾಡೋಣವೆಂದರೆ ನಾನು ಎದ್ದಾಗ ನೀವು ಮಲಗಿರುತ್ತೀರಿ, ನೀವು ಎದ್ದಾಗ ನಾನು. ಮಲಗಿದ ಪೈಲಟ್ಟನ್ನು ಎಬ್ಬಿಸುವುದು ಮಹಾಪಾಪ ಎಂದು ಮೊದಲ ದಿನವೇ ಪಾಠ ಮಾಡಿದವರು ನೀವು. ಅದಕ್ಕೇ ಈ ಕಾಗದವನ್ನು ಬೆಳಗಿನ ವಿಮಾನದ ಲೋಡ್ ಕಾಗದಗಳ ಜೊತೆ ಕಳಿಸುತ್ತಿದ್ದೇನೆ. ಚೆನ್ನೈಯಲ್ಲಿ ಸಾಮಾನು ಇಳಿಸುವ ಶೀನಣ್ಣ ನಿಮಗೆ ತಲುಪಿಸುತ್ತಾರೆ.

ವರ್ಗವಾಗಿ ಬಂದು ಹತ್ತು ದಿನವಾಯಿತು. ಇಲ್ಲಿ ನನಗೆ ಎಲ್ಲವೂ ಕನಸಿನಲ್ಲಿ ನಡೆದಂತಿದೆ. ಹುಟ್ಟಿದಾಗಿನಿಂದ ಕನ್ನಡವೆಂದರೆ ಮನೆಯ ಬಾಗಿಲಿನ ಒಳಗಿನ ಮಾತು, ಹೊಸ್ತಿಲು ದಾಟಿದರೆ ತಮಿಳು. ಇಲ್ಲಿ ಆಟೋದವನು, ಹೂವಿನವಳು, ಪೊಲೀಸಿನವನು ಎಲ್ಲರೂ ಮನೆಯ ಮಾತು ಆಡುತ್ತಾರೆ. "ಎಲ್ಲಿಗೆ ಹೊಂಟೀರಿ ಅಕ್ಕಾರ?" ಎಂದು ಯಾರೋ ಕೇಳಿದರೆ, ಅಯ್ಯೋ, ಇವರು ನಮ್ಮ ಯಾವ ಮಾವ ಎಂದು ಮುಖ ನೋಡುತ್ತೇನೆ.

ಮೊನ್ನೆ ವಿಮಾನ ನಿಲ್ದಾಣದ ನಮ್ಮ ಕೌಂಟರಿನಲ್ಲಿ ಅಂಬುಜಮ್ಮ ಸಿಕ್ಕಿದ್ದರು. ನೆನಪಿದೆಯೇ? ನವೆಂಬರ್ ಹದಿನೇಳರ ಸೋಮವಾರ ನಮ್ಮ ವಿಮಾನದಲ್ಲಿ ಚೆನ್ನೈಗೆ ಬಂದ ಧಾರವಾಡದ ಅಜ್ಜಿ. ಇಳಿಯುವ ಮೊದಲು ಸಮುದ್ರದ ಮೇಲೆ ಒಂದು ಸುತ್ತು ಹಾಕಿಸಿದಿರೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. "ಆ ದೊಡ್ಡ ಪೈಲಟ್ ಸಾಹೇಬ್ರಿಗೆ ಹೇಳವಾ, ಅವರ ಹೊಟ್ಟಿ ತಣ್ಣಗಿರ್ಲಿ" ಎಂದರು. ಹೇಳಿದ್ದೇನೆ.

ಸುಮೇಧಾ


ನುಂಗಂಬಾಕ್ಕಂ
ಚೆನ್ನೈ, ೯ ಡಿಸೆಂಬರ್ ೨೦೨೫

ಚಿ. ಸುಮೇಧಾಗೆ ಆಶೀರ್ವಾದ.

ನಿನ್ನ ಅಕ್ಷರ ನೋಡಿ ನಕ್ಕೆ. ನಗಬೇಡ ಎಂದರೆ ನಗದೆ ಇರಲಾಗುತ್ತದೇನಮ್ಮ? ಸುಗುಣಾ ನನ್ನ ಭುಜದ ಮೇಲಿಂದ ಬಗ್ಗಿ ಓದಿ, "ಪಾಪ ರೀ, ಒತ್ತಕ್ಷರ ಎಲ್ಲಾ ಬೀದಿ ಪಾಲಾಗಿವೆ, ಆದ್ರೂ ಎಷ್ಟು ಮುದ್ದಾಗಿದೆ" ಎಂದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ನನಗೆ ಬಂದ ಕಾಗದವೊಂದನ್ನು ಮೆಚ್ಚಿದ್ದು ಇದೇ ಮೊದಲು.

ಸಮುದ್ರ ತೋರಿಸಿದ ಪುಣ್ಯ ನನ್ನದಲ್ಲ. ಅಜ್ಜಿಯ ಆಶೀರ್ವಾದ ನಿನಗೇ ಸೇರಬೇಕು, ವಾಪಸು ಕಳಿಸುತ್ತಿದ್ದೇನೆ.

ಇಲ್ಲಿಯ ಸುದ್ದಿ ಕೇಳು. ಕಂಪನಿಯವರು ನಮ್ಮ ಪೈಲಟ್ ಸಂಘದ ಜೊತೆ ಹೊಸ ಒಪ್ಪಂದದ ಮಾತನ್ನೇ ಬಿಟ್ಟು ಈಗಿನ ಒಪ್ಪಂದವನ್ನು ಇನ್ನೆರಡು ವರ್ಷ ವಿಸ್ತರಿಸೋಣ ಎನ್ನುತ್ತಿದ್ದಾರೆ. ಸಂಬಳ ಏರಿಸುತ್ತಾರಂತೆ. ಸಣ್ಣ ಊರುಗಳಲ್ಲಿ ಇರುವ ಕೋ-ಪೈಲಟ್‌ಗಳನ್ನು ಚೆನ್ನೈಗೆ ಕರೆಸಿ ಕ್ಯಾಪ್ಟನ್ ಮಾಡುತ್ತಾರಂತೆ, ಆ ಪಟ್ಟಿಯಲ್ಲಿ ಮೊದಲ ಹೆಸರು ನಿನ್ನದು. ನಾವು ಕೇಳಿದ ಒಂದೇ ಒಂದನ್ನು ಮಾತ್ರ ಕೊಡುವುದಿಲ್ಲ: ನಸುಕಿನ ಪಾಳಿ ಸತತವಾಗಿ ಎರಡಕ್ಕಿಂತ ಹೆಚ್ಚು ಬೇಡ ಎಂಬುದು. ಈಗಿನ ಹಾಗೆ ಐದು ದಿನ ಒಂದರ ಹಿಂದೆ ಒಂದು ರಾತ್ರಿ ಎರಡೂವರೆಗೆ ಏಳುವುದು ಹಾಗೇ ಮುಂದುವರಿಯುತ್ತದೆ.

ಮಾತುಕತೆಯ ಸಮಿತಿಯಲ್ಲಿ ನಾವು ಐವರು. ಇಬ್ಬರು ವಿಸ್ತರಣೆ ಒಪ್ಪೋಣ ಎನ್ನುತ್ತಾರೆ. ಸಂಘದ ಕಾರ್ಯದರ್ಶಿ ಅನಿಕೇತ್ ಮತ್ತು ಇನ್ನೊಬ್ಬ ಬೇಡ ಎನ್ನುತ್ತಾರೆ. ನಡುವೆ ಸಿಕ್ಕವನು ನಾನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹುಡುಕುತ್ತಿದ್ದೇನೆ. ನಾನು ಯಾವ ಕಡೆಗೆ ವಾಲುತ್ತೇನೋ ಅರವತ್ತನಾಲ್ಕು ಪೈಲಟ್‌ಗಳಲ್ಲಿ ಬಹುಪಾಲು ಆ ಕಡೆ, ನನ್ನ ತಲೆ ನರೆತಿದೆಯಲ್ಲ. ಜನವರಿ ಇಪ್ಪತ್ತೈದಕ್ಕೆ ಇಲ್ಲೇ ಗಿಂಡಿ ಬಡಾವಣೆಯ ಹೋಟೆಲೊಂದರಲ್ಲಿ ಎಲ್ಲರ ಸಭೆ.

ನಿನಗೇನು ಬೇಕು? ಮುಚ್ಚಿಡದೆ ಬರಿ.

ಸುಶಮೀಂದ್ರ


ಹುಬ್ಬಳ್ಳಿ
೧೬ ಡಿಸೆಂಬರ್ ೨೦೨೫

ಸರ್,

ಮುಚ್ಚಿಡದೆ ಬರಿ ಎಂದಿರಿ. ನನಗೆ ಚೆನ್ನೈ ಬೇಕು, ಕ್ಯಾಪ್ಟನ್ ಸೀಟು ಬೇಕು, ಎಡಗಡೆಯ ಆ ಕಿಟಕಿ ಬೇಕು. ಭಾನುವಾರ ಪೆರಂಬೂರಿನ ಮನೆಯಲ್ಲಿ ಅಪ್ಪನ ಎದುರು ಕೂತು ಊಟ ಮಾಡಬೇಕು. ಆಸೆ ಪಡುವುದಕ್ಕೆ ನಾಚಿಕೆ ಏನು? ರೈಲು ಕೋಚ್ ಫ್ಯಾಕ್ಟರಿಯಲ್ಲಿ ಮೂವತ್ತೈದು ವರ್ಷ ದುಡಿದ ವಿಠ್ಠಲನ ಮಗಳು ಕ್ಯಾಪ್ಟನ್ ಆದಳು ಎಂದು ಅವರು ಕ್ವಾರ್ಟರ್ಸಿನ ಹಳೆಯ ಗೆಳೆಯರಿಗೆಲ್ಲ ಹೇಳಬೇಕು.

ಆದರೆ ಈಚೆಗೆ ಒಂದು ಕನಸು ಬೀಳುತ್ತದೆ. ರಜೆಯ ಮಧ್ಯಾಹ್ನ ಮಲಗಿದಾಗಲೂ ಅದೇ. ಮೋಡದ ಮೇಲೆ ತೇಲುತ್ತಿದ್ದೇನೆ. ಕೆಳಗೆ ಬಿಳಿ, ಮುಂದೆ ಸೂರ್ಯ, ಎಂಜಿನ್ನಿನ ಸದ್ದು ಅಜ್ಜಿ ಗುನುಗಿದ ಹಾಗೆ ಕೇಳುತ್ತದೆ. ಭಯವೇ ಇಲ್ಲ, ಅಷ್ಟು ಸುಖ. ಯಾರೋ ದೂರದಿಂದ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಓಗೊಡಲು ಬಾಯಿ ತೆರೆಯುತ್ತೇನೆ, ಮಾತು ಹೊರಡುವುದಿಲ್ಲ. ಆಮೇಲೆ ಎಚ್ಚರ.

ನಿಮಗೂ ಹೀಗೆ ಆಗುತ್ತದೆಯೇ, ಸರ್? ನೀವು ಎಂದೂ ಆಕಳಿಸಿದ್ದನ್ನು ಕೂಡ ನಾನು ಕಂಡಿಲ್ಲ. ಬೆನ್ನು ನೆಟ್ಟಗೆ, ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಫೋಟೋಗೆ ಕೂತವರ ಹಾಗೆ ಕೂತಿರುತ್ತೀರಿ. ನಿಮ್ಮ ಹಾಗೆ ಆಗಲು ನನಗೆ ಇನ್ನೆಷ್ಟು ವರ್ಷ ಬೇಕೋ.

ನೀವು ಏನು ನಿರ್ಧಾರ ಮಾಡುತ್ತೀರೋ ನಾನೂ ಅದೇ.

ಸುಮೇಧಾ


ನುಂಗಂಬಾಕ್ಕಂ
೨೨ ಡಿಸೆಂಬರ್ ೨೦೨೫

ಚಿ. ಸುಮೇಧಾಗೆ,

ಕನಸಿನ ಮಾತು ಬಿಡು. ಸುಗುಣಾ ಅದನ್ನು ಓದಿ, ಮಲಗುವ ಮೊದಲು ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳಲಿ ಎಂದಳು. ಮಾಡಿ ನೋಡು.

ಅನಿಕೇತ್ ಹೊಸದೊಂದು ಪಟ್ಟು ಹಿಡಿದಿದ್ದಾನೆ. ನಸುಕಿನ ಪಾಳಿಯಲ್ಲಿ ಯಾರ್ಯಾರಿಗೆ ಏನೇನಾಗಿದೆ ಎಂದು ಪ್ರತಿಯೊಬ್ಬ ಪೈಲಟ್ಟೂ ಸಹಿ ಹಾಕಿ ಬರೆದು ಕೊಡಬೇಕಂತೆ. ಗಿಂಡಿಯ ಸಭೆಯಲ್ಲಿ ಅದನ್ನೆಲ್ಲ ಓದುತ್ತಾನಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಯ್ಯ ಎಂದು ಕೇಳಿದೆ. "ಬೇಕು ಸರ್, ಅಂಗೈಯನ್ನ ಯಾರೂ ಬಿಚ್ಚಿ ತೋರಿಸ್ತಿಲ್ಲ" ಎಂದ. ಹುಡುಗು ಬುದ್ಧಿ. ಬರೆದು ಕೊಟ್ಟ ಕಾಗದ ನಾಳೆ ಯಾರ ಕೈಗೆ ಹೋಗುತ್ತದೋ, ಯಾರ ಲೈಸೆನ್ಸಿಗೆ ಕುತ್ತು ತರುತ್ತದೋ ಯಾರು ಬಲ್ಲರು?

ನಾನು ನಿರ್ಧಾರ ಮಾಡಿದ್ದೇನೆ. ವಿಸ್ತರಣೆ ಆಗಿಬಿಡಲಿ. ನೀನು ಚೆನ್ನೈಗೆ ಬಾ, ಕ್ಯಾಪ್ಟನ್ ಆಗು. ಎರಡು ವರ್ಷ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಕಳೆಯುತ್ತದೆ. ಅನಿಕೇತನಿಗೆ ಏನೂ ಬರೆದು ಕೊಡಬೇಡ. ಆ ಸೋಮವಾರ ಬೆಳಿಗ್ಗೆ ಕಾಕ್‌ಪಿಟ್ಟಿನಲ್ಲಿ ಆದದ್ದು ನಮ್ಮಿಬ್ಬರಿಗೇ ಗೊತ್ತು. ನಾನು ಇಲ್ಲಿಯವರೆಗೆ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಅದು ಅಲ್ಲಿಗೇ ಇರಲಿ. ಇಬ್ಬರಿಗೂ ಅದೇ ಒಳ್ಳೆಯದು.

ಸುಶಮೀಂದ್ರ


ಹುಬ್ಬಳ್ಳಿ
೧೧ ಜನವರಿ ೨೦೨೬

ಕ್ಯಾಪ್ಟನ್ ಸುಶಮೀಂದ್ರ ಅವರಿಗೆ,

ತಮ್ಮ ಕಾಗದ ತಲುಪಿದೆ. ತಡವಾದುದಕ್ಕೆ ಕ್ಷಮೆ ಇರಲಿ. ತಾವು ಹೇಳಿದಂತೆ ವಿಸ್ತರಣೆಯ ಪರವಾಗಿ ಮತ ಹಾಕುತ್ತೇನೆ. ಸಮಿತಿಗೆ ಏನನ್ನೂ ಬರೆದು ಕೊಡುವುದಿಲ್ಲ. ಆ ಸೋಮವಾರವನ್ನು ತಾವು ನೆನಪಿಸುವ ಅಗತ್ಯವಿರಲಿಲ್ಲ.

ಸುಮೇಧಾ


ನುಂಗಂಬಾಕ್ಕಂ
೧೪ ಜನವರಿ ೨೦೨೬, ಭೋಗಿ

ಸುಮೇಧಾ,

ಮೂರು ವಾರ ದಾರಿ ನೋಡಿದೆ. ದಿನವೂ ಶೀನನ ಕೈ ನೋಡುತ್ತಿದ್ದೆ, ಅವನು "ಇನ್ನೈಕ್ಕೂ ಒಣ್ಣುಂ ಇಲ್ಲೆ ಸಾರ್", ಇವತ್ತೂ ಏನೂ ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದ. ಕೊನೆಗೆ ಬಂದದ್ದು ನಾಲ್ಕು ಸಾಲು. ಅದರಲ್ಲಿ "ತಾವು", "ತಮ್ಮ". ಒಂದು ಒತ್ತಕ್ಷರವೂ ತಪ್ಪಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ಸಿಟ್ಟಿದ್ದರೆ ಬೈದು ಬರಿಯಮ್ಮ. ನನ್ನ ಮೇಲೆ ನಿನಗೆ ಮೊದಲಿನ ಗೌರವ ಉಳಿದಿಲ್ಲ ಎಂದು ಗೊತ್ತು. ಉಳಿಯಬೇಕಾದ ಕಾರಣವೂ ಇಲ್ಲ.

ಇವತ್ತು ಬೆಳಿಗ್ಗೆ ಬೀದಿಯ ತುಂಬ ಭೋಗಿಯ ಹೊಗೆ. ಹಳೆಯ ಚಾಪೆ, ಪೊರಕೆಗಳನ್ನು ಸುಡುತ್ತಿದ್ದರು. ಮೋಡದೊಳಗೆ ನಿಂತಂತೆ ಬಾಲ್ಕನಿಯಲ್ಲಿ ನಿಂತಿದ್ದೆ. ಎದುರು ಮನೆ ಕಾಣಿಸದು, ಮಕ್ಕಳ ತಮಟೆಯ ಸದ್ದು ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು. ಹಾಗೇ ನಿಂತವನಿಗೆ ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಸುಗುಣಾ ಬಂದು ತೋಳು ಹಿಡಿದಳು. "ನಿಂತಲ್ಲೇ ನಿದ್ದೆ ಮಾಡ್ತಿದೀರಲ್ರೀ, ಕೆಳಗೆ ಬಿದ್ದಿದ್ರೆ ಏನ್ ಗತಿ?" ಎಂದಳು. ಇಲ್ಲವೇ ಇಲ್ಲ ಎಂದು ಜಗಳವಾಡಿದೆ. ಕಾಫಿ ಲೋಟ ಕೈಯಲ್ಲೇ ಆರಿ ಕೆನೆಗಟ್ಟಿತ್ತು.

ನಿನಗೆ ಹೇಳಬೇಕಾದ ಒಂದು ಮಾತಿದೆ. ಪೆನ್ನು ಹಿಡಿದರೆ ಕೈ ಬರುವುದಿಲ್ಲ. ನೀನು ಹಿಂದಿನ ಹಾಗೆ ಒಂದು ಕಾಗದ ಬರೆದರೆ ಧೈರ್ಯ ಬರುತ್ತದೇನೋ.

ಸುಶಮೀಂದ್ರ


ಹುಬ್ಬಳ್ಳಿ
೨೧ ಜನವರಿ ೨೦೨೬

ಸುಶಮೀಂದ್ರ ಸರ್,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ನೀವು ಡಿಸೆಂಬರಿನಲ್ಲಿ ಆ ಸೋಮವಾರದ ಮಾತು ತೆಗೆದಾಗ, ಇದನ್ನು ಇಟ್ಟುಕೊಂಡು ನನ್ನ ಬಾಯಿ ಕಟ್ಟುತ್ತಿದ್ದೀರಿ ಎಂದುಕೊಂಡೆ. ಅಷ್ಟು ದಿನ ನನ್ನ ಮಾನ ಕಾಪಾಡಿದವರು ಈಗ ಅದಕ್ಕೆ ಬೆಲೆ ಕೇಳುತ್ತಿದ್ದಾರೆ ಎಂದು ಅತ್ತೆ. ನಿಮ್ಮ ಭೋಗಿಯ ಕಾಗದ ಓದಿದ ಮೇಲೆ ನಾಚಿಕೆಯಾಯಿತು. ಹಾಗೆ ಬೆಲೆ ಕೇಳುವವರು ಇಂಥ ಕಾಗದ ಬರೆಯುವುದಿಲ್ಲ.

ಹೇಳಿಬಿಡುತ್ತೇನೆ. ಆ ದಿನ ನನಗೆ ಐದನೆಯ ನಸುಕಿನ ಪಾಳಿ. ಹುಬ್ಬಳ್ಳಿಯಿಂದ ಹಿಂದಿರುಗುವಾಗ ಎದುರಿಗೆ ಸೂರ್ಯ, ಕೆಳಗೆ ಒಂದೇ ಸಮನೆ ಮೋಡ, ವಿಮಾನ ಆಟೋಪೈಲಟ್ಟಿನಲ್ಲಿತ್ತು. ನಾನು ನಿದ್ದೆ ಹೋದೆ. ತೂಕಡಿಕೆಯಲ್ಲ ಸರ್, ನಿದ್ದೆ. ನನ್ನ ಕನಸಿನಲ್ಲಿ ದೂರದಿಂದ ಕರೆಯುವವರು ಬೇರೆ ಯಾರೂ ಅಲ್ಲ, ಆ ದಿನ ರೇಡಿಯೋದಲ್ಲಿ ಕೂಗುತ್ತಿದ್ದ ಚೆನ್ನೈ ಕಂಟ್ರೋಲರ್. "ಮೂರನೇ ಸಲ ಕರೀತಿದೀನಿ" ಎಂದು ಅವರು ಅಂದದ್ದು ಕೇಳಿ ಎಚ್ಚರವಾಗಿ ಉತ್ತರ ಕೊಟ್ಟೆ. ಗಡಿಯಾರ ನೋಡಿದೆ, ಏಳು ನಿಮಿಷ ಹೋಗಿತ್ತು. ಇಳಿಯಲು ಶುರುಮಾಡಬೇಕಾದ ಜಾಗ ದಾಟಿಹೋಗಿತ್ತು. ಎತ್ತರ ಕಳೆದುಕೊಳ್ಳಲು ಅವರು ನಮ್ಮನ್ನು ಸಮುದ್ರದ ಮೇಲೆ ಸುತ್ತಿಸಿದರು. ಅಂಬುಜಮ್ಮನಿಗೆ ಸಿಕ್ಕ ಸಮುದ್ರ ಅದೇ.

ಹೆದರಿ ನಿಮ್ಮ ಕಡೆ ನೋಡಿದೆ. ನೀವು ಯಾವಾಗಿನ ಹಾಗೆ ನೆಟ್ಟಗೆ ಕೂತಿದ್ದಿರಿ. ನಿಧಾನವಾಗಿ ನನ್ನ ಕಡೆ ತಿರುಗಿ, "ಕಾಫಿ ಕುಡೀತೀಯೇನಮ್ಮ?" ಎಂದಿರಿ. ಅಷ್ಟೇ. ಮಲಗಿದ ಪೈಲಟ್ಟನ್ನು ಎಬ್ಬಿಸಬಾರದೆಂದು ನನ್ನನ್ನು ಮಲಗಲು ಬಿಟ್ಟು, ಒಬ್ಬರೇ ವಿಮಾನ ನೋಡಿಕೊಂಡಿರಿ. ರೇಡಿಯೋ ಆ ದಿನ ನನ್ನ ಪಾಲಿನ ಕೆಲಸ, ಅದಕ್ಕೇ ನೀವು ಉತ್ತರಿಸಲಿಲ್ಲ ಎಂದುಕೊಂಡೆ. ಆಮೇಲೂ ಒಂದು ಮಾತು ಕೇಳಲಿಲ್ಲ.

ಮೊನ್ನೆ ಅಪ್ಪ ಬಂದಿದ್ದರು. ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಫ್ಯಾಕ್ಟರೀಲಿ ಬೆಸುಗೆ ಮೇಲೆ ಅನುಮಾನ ಬಂದ್ರೆ ಸೀಮೆಸುಣ್ಣದಲ್ಲಿ ಸುತ್ತು ಹಾಕ್ತಿದ್ವಿ. ಎಷ್ಟೋ ಸಲ ಅದು ನಾನೇ ಹಾಕಿದ ಬೆಸುಗೆ ಆಗಿರೋದು. ಸುತ್ತು ಹಾಕ್ದೇ ಇದ್ರೆ ಕೋಚ್ ಹೊರಗೆ ಹೋಗತ್ತಲ್ಲಮ್ಮಾ, ಅದ್ರಲ್ಲಿ ಜನ ಕೂರ್ತಾರೆ" ಎಂದರು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ರೈಲು ಹತ್ತಿದರು.

ಆ ರೈಲು ಹೋದ ಮೇಲೆ ಅನಿಕೇತ್ ಅವರಿಗೆ ನನ್ನ ಹೇಳಿಕೆ ಬರೆದು ಸಹಿ ಹಾಕಿ ಕಳಿಸಿದೆ. ನಾನು ನಿದ್ದೆ ಹೋದದ್ದು, ಕ್ಯಾಪ್ಟನ್ ಸುಶಮೀಂದ್ರ ಒಬ್ಬರೇ ಎಚ್ಚರವಿದ್ದು ನಲವತ್ತೊಂದು ಜನರನ್ನು ಕಾಪಾಡಿದ್ದು, ಎಲ್ಲ ಬರೆದಿದ್ದೇನೆ. ನನ್ನ ಕ್ಯಾಪ್ಟನ್ ಸೀಟು ಇನ್ನು ಸಿಗುವುದಿಲ್ಲ. ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನೆ ಆ ಕನಸು ಬೀಳಲಿಲ್ಲ.

ನಿಮ್ಮ ಸುಮೇಧಾ


ನುಂಗಂಬಾಕ್ಕಂ
೨೭ ಜನವರಿ ೨೦೨೬

ಸುಮೇಧಾ,

ನಿನ್ನ ಕಾಗದ ಗುರುವಾರವೇ ಬಂತು. ಐದು ದಿನ ಉತ್ತರ ಬರೆಯಲಿಲ್ಲ. ಅದರಲ್ಲಿ ಮೊದಲ ಮೂರು ದಿನ ನಾನು ನಿನ್ನ ಕಾಗದದೊಳಗಿನ ಮನುಷ್ಯನಾಗಿ ಓಡಾಡಿದೆ. ಎಂಥ ಮನುಷ್ಯ ಅವನು! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನು, ದಣಿದು ಮಲಗಿದ ಹುಡುಗಿಯನ್ನು ಎಬ್ಬಿಸದೆ ಎಲ್ಲರನ್ನೂ ಮನೆ ಮುಟ್ಟಿಸಿದವನು. ತರಕಾರಿ ತರಲು ಹೋದಾಗಲೂ ಅವನಂತೆ ನಡೆದೆ. ಬಹಳ ಹಿತವಾಗಿತ್ತು.

ಸುಗುಣಾ ಶನಿವಾರ ಆ ಕಾಗದ ಓದಿದಳು. "ಇಷ್ಟು ದೊಡ್ಡ ಕೆಲಸ ಮಾಡಿ ನನಗೊಂದು ಮಾತು ಹೇಳಲಿಲ್ವಲ್ರೀ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅವಳ ಆ ಮುಖ ನೋಡಿ ತಡೆಯಲಾಗದೆ ಹೇಳಿಬಿಟ್ಟೆ. ಈಗ ನಿನಗೆ ಹೇಳುತ್ತೇನೆ. ಆ ದಿನ ನಾನೂ ಮಲಗಿದ್ದೆ, ಸುಮೇಧಾ. ರೇಡಿಯೋದಲ್ಲಿ ನೀನು ಉತ್ತರ ಕೊಡುತ್ತಿದ್ದ ದನಿ ಕೇಳಿ ನನಗೆ ಎಚ್ಚರವಾಯಿತು. ಅದಕ್ಕೆ ಮುಂಚಿನ ಎರಡು ಕರೆ ನನಗೂ ಕೇಳಿಸಿಲ್ಲ. ಇಳಿಯಲು ತಡವಾದದ್ದು ಕಂಟ್ರೋಲರ್ ತಡೆದದ್ದರಿಂದ, ನೀನು ಎಚ್ಚರವಿದ್ದು, ಈ ಮುದುಕನನ್ನು ಮಲಗಲು ಬಿಟ್ಟು, ಯಾರಿಗೂ ಹೇಳದೆ ನನ್ನ ಮಾನ ಉಳಿಸಿದೆ ಎಂದುಕೊಂಡೆ. ಏನು ಹೇಳಬೇಕೋ ತೋಚದೆ ಕಾಫಿ ಬೇಕೇ ಎಂದು ಕೇಳಿದೆ. ಎರಡು ತಿಂಗಳಿಂದ ನಿನ್ನ ಋಣದಲ್ಲಿ ಬದುಕುತ್ತಿದ್ದೆ. ವಿಸ್ತರಣೆ ಒಪ್ಪಿ ನಿನಗೆ ಕ್ಯಾಪ್ಟನ್ ಸೀಟು ಕೊಡಿಸಿದರೆ ಆ ಋಣ ತೀರುತ್ತದೆ, ನನ್ನ ಗುಟ್ಟೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಸುಗುಣಾ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಆಗ ವಿಮಾನ ನಡೆಸ್ತಿದ್ದವರು ಯಾರ್ರೀ?"

ಒಲೆಯ ಮೇಲೆ ಹಾಲಿಟ್ಟದ್ದು ಇಬ್ಬರಿಗೂ ಮರೆತುಹೋಗಿತ್ತು. ಹಾಲು ಉಕ್ಕಿ ಒಲೆಯ ತುಂಬ ಹರಿಯಿತು.

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಿನ್ನನ್ನೂ ನನ್ನನ್ನೂ ಹಾರಾಟದ ರೋಸ್ಟರಿನಿಂದ ತೆಗೆದಿದ್ದಾರೆ, ವಿಚಾರಣೆ ನಡೆಯುತ್ತದೆ. ಕ್ಯಾಪ್ಟನ್ ಆಗುವವರ ಪಟ್ಟಿಯಲ್ಲಿ ಈಗ ನಿನ್ನ ಹೆಸರಿಲ್ಲ. ನನ್ನ ಲೈಸೆನ್ಸ್ ಉಳಿದರೆ ದೇವರು ದೊಡ್ಡವನು. ಹೆದರಿಕೆಯಾಗುತ್ತಿದೆ, ಐವತ್ತಾರು ವರ್ಷದವನಿಗೆ ಬೇರೆ ಏನು ಕೆಲಸ ಬರುತ್ತದೆ ಹೇಳು. ಆದರೆ ನಿನ್ನೆ ಬೆಳಿಗ್ಗೆ ಒಂಬತ್ತರವರೆಗೆ ಮಲಗಿದ್ದೆ. ಯಾರೂ ಎಬ್ಬಿಸಲಿಲ್ಲ.

ಇನ್ನು ಪಾಳಿಯಿದ್ದು ನೀನು ಬರಲಾಗದ ಗಿಂಡಿಯ ಸಭೆ. ಹೋಟೆಲಿನ ಮಹಡಿಯ ಹಾಲ್, ಐವತ್ತಕ್ಕೂ ಹೆಚ್ಚು ಪೈಲಟ್‌ಗಳು ಬಂದಿದ್ದರು. ವಿಸ್ತರಣೆಯ ಕಾಗದ ಮೇಜಿನ ಮೇಲಿತ್ತು. ಬಹುಪಾಲು ಜನ ಒಪ್ಪುವ ಮನಸ್ಸಿನಲ್ಲೇ ಬಂದವರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅನಿಕೇತನಿಗೆ ಹೇಳಿಕೆ ಕೊಟ್ಟವಳು ನೀನೊಬ್ಬಳೇ. ಅದನ್ನು ಓದಿದ. ನೀನು ನಿದ್ದೆ ಹೋದೆ ಎಂಬಲ್ಲಿ ಯಾರೋ ಲೊಚಗುಟ್ಟಿದರು. ನಾನು ಎಚ್ಚರವಿದ್ದೆ ಎಂಬಲ್ಲಿ ಚಪ್ಪಾಳೆ ಶುರುವಾಯಿತು. ಪಕ್ಕದವರು ಬೆನ್ನು ತಟ್ಟಿದರು, ಹಿಂದಿನಿಂದ ಯಾರೋ "ತಲೈವಾ!" ಎಂದು ಕೂಗಿದರು. ಎಲ್ಲರೂ ನನ್ನ ಕಡೆ ನೋಡಿ ನಗುತ್ತಿದ್ದರು. ಸುಮ್ಮನೆ ಕೂತಿದ್ದರೆ ಮುಗಿದುಹೋಗುತ್ತಿತ್ತು, ಸುಮೇಧಾ. ತಪ್ಪು ಒಬ್ಬ ಹುಡುಗಿಯದು, ದೊಡ್ಡವನೊಬ್ಬ ಇದ್ದ, ಏನೂ ಆಗಲಿಲ್ಲ ಎಂದುಕೊಂಡು ಎಲ್ಲರೂ ಸಹಿ ಹಾಕಿ ಊಟಕ್ಕೆ ಹೋಗುತ್ತಿದ್ದರು.

ಎದ್ದು ನಿಂತೆ. ಮುಂದಿನ ಕುರ್ಚಿ ಹಿಡಿದುಕೊಂಡೆ. "ಅವಳು ಬರೆದದ್ದರಲ್ಲಿ ಒಂದು ಮಾತು ತಪ್ಪು. ನಾನೂ ಮಲಗಿದ್ದೆ. ಆ ಏಳು ನಿಮಿಷ ಆ ವಿಮಾನವನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ" ಎಂದೆ.

ಚಪ್ಪಾಳೆ ಹೊಡೆಯುತ್ತಿದ್ದ ಕೈಗಳು ಹಾಗೇ ನಿಂತವು. ಮೂರನೆಯ ಸಾಲಿನಲ್ಲಿದ್ದ ಒಬ್ಬ ಮೆಲ್ಲಗೆ ಪಕ್ಕದವನ ಕಡೆ ತಿರುಗಿದ. ಅವರಿಬ್ಬರೂ ಒಟ್ಟಿಗೆ ಹಾರುವವರು. "ಮಚ್ಚಾ, ಅನ್ನೈಕ್ಕು ನೀ ಮುಳಿಚ್ಚುಟ್ಟು ದಾನೇ ಇರುಂದೆ?" ಎಂದು ಕೇಳಿದ. ಆ ದಿನ ನೀನು ಎಚ್ಚರವಾಗಿದ್ದೆ ತಾನೇ ಎಂದು. ಆಮೇಲೆ ಕಿಟಕಿಯ ಹತ್ತಿರ ಇನ್ನೊಬ್ಬಳು ತನ್ನ ಕ್ಯಾಪ್ಟನ್ನನ್ನು ಕೇಳಿದಳು. ಆಮೇಲೆ ಹಿಂದಿನ ಸಾಲು. ತಮಿಳಿನಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಹಾಲಿನ ತುಂಬ ಅದೇ ಒಂದು ಪ್ರಶ್ನೆ ಓಡಾಡಿತು. ಹೌದು ಎಂದು ಯಾರೂ ಹೇಳಿದ್ದು ನನಗೆ ಕೇಳಿಸಲಿಲ್ಲ.

ಆಮೇಲೆ ಅನಿಕೇತ್, ವಿಸ್ತರಣೆ ಬೇಕು ಎನ್ನುವವರು ಕೈ ಎತ್ತಿ ಎಂದ. ಒಂದು ಕೈಯೂ ಏಳಲಿಲ್ಲ.

ಸುಶಮೀಂದ್ರ